ಸುತ್ತು ಹಾಕದ ಬಾಲ್ ಜಾಯಿಂಟಿಗೆ ಎಷ್ಟು ಗ್ರೀಸ್ ಬೇಕು?

ಹಳೆಯ ಅಮೆರಿಕನ್ ಕಾರುಗಳ ಮುಂದಿನ ಬಾಲ್ ಜಾಯಿಂಟುಗಳನ್ನು (ಚಕ್ರ ಎಡಬಲಕ್ಕೂ ಮೇಲೆಕೆಳಗೂ ಆಡಲು ಬಿಡುವ ಗುಂಡಿನ ಕೀಲುಗಳನ್ನು) ಹಾಳುಮಾಡುವುದು ಗ್ರೀಸ್ ಹೊಡೆಯದವರು ಮಾತ್ರವಲ್ಲ, ವಿಪರೀತ ಹೊಡೆಯುವವರೂ ಹೌದು. ಕೀಲನ್ನು ಮುಚ್ಚಿರುವ ರಬ್ಬರ್ ಬೂಟು ಉಬ್ಬಿ, ಅದರ ಅಂಚು ಎದ್ದು, ಗ್ರೀಸ್ ಹೊರಗೆ ಉಕ್ಕಿದ ಮೇಲೇ 'ಈಗ ತುಂಬಿತು' ಅನ್ನುವವರಿದ್ದಾರೆ. ಕೈಯಿಂದ ಒತ್ತುವ ಗ್ರೀಸ್ ಗನ್ನೂ ಚದರ ಇಂಚಿಗೆ ಸಾವಿರಾರು ಪೌಂಡ್ ಒತ್ತಡ ಹುಟ್ಟಿಸಬಲ್ಲದು. ತೆಳ್ಳನೆಯ ಬೂಟು ಅದಕ್ಕೆ ಯಾವ ಲೆಕ್ಕ? ಬೂಟು ಹರಿದರೆ ಮುಂದಿನ ಮಳೆಗೆ ಕೆಸರು ನೀರು ಒಳಗೆ. ಆಮೇಲೆ ಹೊಸ ಗ್ರೀಸ್ ಮರಳನ್ನೂ ಬೆರೆಸಿಕೊಂಡು ಗುಂಡನ್ನು ಉಜ್ಜುತ್ತದೆ.

ಇಷ್ಟಕ್ಕೂ ಈ ಕೀಲಿಗೆ ಎಣ್ಣೆ ಸಾಲದೆ ಗ್ರೀಸೇ ಯಾಕೆ ಬೇಕು? ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಒಂದೇ ಸಮನೆ ಒಂದೇ ದಿಕ್ಕಿಗೆ ತಿರುಗುತ್ತದೆ. ಆ ವೇಗಕ್ಕೆ ಎಣ್ಣೆ ತಾನಾಗಿ ಶಾಫ್ಟಿನ ಅಡಿಗೆ ನುಗ್ಗಿ, ಅದನ್ನು ತೆಳುಪದರವೊಂದರ ಮೇಲೆ ಎತ್ತಿ ಹಿಡಿಯುತ್ತದೆ. ಲೋಹಕ್ಕೆ ಲೋಹ ತಾಕುವುದೇ ಇಲ್ಲ. ಬಾಲ್ ಜಾಯಿಂಟಿಗೆ ಈ ಭಾಗ್ಯವಿಲ್ಲ. ಗುಂಡು ಕೆಲವೇ ಡಿಗ್ರಿ ಆ ಕಡೆ ವಾಲಿ, ನಿಂತು, ಈ ಕಡೆ ಹೊರಳುತ್ತದೆ. ದಿಕ್ಕು ಬದಲಾದಾಗಲೆಲ್ಲ ವೇಗ ಸೊನ್ನೆ. ವೇಗವಿಲ್ಲದಿದ್ದರೆ ಪದರವಿಲ್ಲ. ಮೇಲಿನ ಭಾರ ಎಣ್ಣೆಯನ್ನು ಹಿಂಡಿ ಹೊರಗೆ ತಳ್ಳುತ್ತದೆ, ಎರಡೂ ಮೈಗಳ ಉಬ್ಬುಗಳು ಒಂದಕ್ಕೊಂದು ಕಚ್ಚುತ್ತವೆ. ಕಾರು ತಿಂಗಳುಗಟ್ಟಲೆ ಗ್ಯಾರೇಜಿನಲ್ಲೇ ನಿಂತಿದ್ದರೂ ಭಾರ ಇಳಿಯುವುದಿಲ್ಲ.

ಹಾಗಾಗಿ ಇಲ್ಲಿ ಬೇಕಾದದ್ದು ಎರಡು ಗುಣ. ಒಂದು, ಹಿಂಡಿದರೂ ಪೂರ್ತಿ ಓಡಿಹೋಗದಂತೆ ಎಣ್ಣೆಯನ್ನು ಹಿಡಿದಿಡುವ ಸಾಬೂನಿನ ಎಳೆಗಳ ಜಾಲ. ಕ್ಲಾರೆನ್ಸ್ ಅರ್ಲ್ 1942ರಲ್ಲಿ ಪೇಟೆಂಟ್ ಪಡೆದ ಲಿಥಿಯಂ ಗ್ರೀಸಿನ ಜೀವಾಳವೇ ಇದು. ಎರಡು, ಎಣ್ಣೆ ಸರಿದ ಜಾಗದಲ್ಲೂ ನಿಂತು ಕೆಲಸ ಮಾಡುವ ಘನ ಪುಡಿ: ಮಾಲಿಬ್ಡಿನಂ ಡೈಸಲ್ಫೈಡ್. ಅದರ ಹರಳು ಇಸ್ಪೀಟೆಲೆಗಳ ಕಟ್ಟಿನಂತೆ. ಮೇಲಿಂದ ಎಷ್ಟು ಒತ್ತಿದರೂ ಕುಗ್ಗುವುದಿಲ್ಲ, ಪಕ್ಕಕ್ಕೆ ತಳ್ಳಿದರೆ ಎಲೆ ಎಲೆಯಾಗಿ ಜಾರುತ್ತದೆ. ಪದರದೊಳಗೆ ಮಾಲಿಬ್ಡಿನಂ ಮತ್ತು ಗಂಧಕದ ಬಂಧ ಬಲು ಗಟ್ಟಿ, ಪದರಗಳ ನಡುವಿನ ಹಿಡಿತ ತೀರಾ ಸಡಿಲ. ನೂರಕ್ಕೆ 3ರಿಂದ 5 ಪಾಲು ಈ ಪುಡಿ ಇದ್ದರೆ ಸಾಕು.

ಡಬ್ಬಿಯ ಮೇಲೆ ನೋಡಬೇಕಾದದ್ದು ಗ್ರೀಸಿನ ಗಟ್ಟಿತನ ಹೇಳುವ ಎನ್‌ಎಲ್‌ಜಿಐ 2 ಎಂಬ ದರ್ಜೆ ಮತ್ತು ಎಲ್‌ಬಿ ಅಥವಾ ಜಿಸಿ-ಎಲ್‌ಬಿ ಎಂಬ ಗುರುತು. ಎಲ್‌ಬಿ ಅಂದರೆ ಚಾಸಿಯ ಇಂತಹ ಕೀಲುಗಳಿಗೆ, ಜಿಸಿ ಅಂದರೆ ಚಕ್ರದ ಬೇರಿಂಗಿಗೆ. ಕೆಂಪೋ ನೀಲಿಯೋ ಎಂಬುದು ಬರೀ ಬಣ್ಣ. ಬಣ್ಣ ನೋಡಿ ಗ್ರೀಸಿನ ಗುಣ ಹೇಳುವುದು ಗಿಣಿಶಾಸ್ತ್ರ. ಒಳಗೆ ಲಿಥಿಯಂ ಗ್ರೀಸ್ ಇದ್ದರೆ ಅದರ ಮೇಲೆ, ಸಾಬೂನಿನ ಬದಲು ಬೇರೆ ವಸ್ತುವಿನಿಂದ ಗಟ್ಟಿಯಾದ ಪಾಲಿಯೂರಿಯಾ ಗ್ರೀಸ್ ಹೊಡೆಯಬಾರದು. ಹಲವು ಸಲ ಎರಡೂ ಬೆರೆತು ನೀರಾಗಿ ಸೋರಿಹೋಗುತ್ತವೆ.

ಇತಿಹಾಸ ಸ್ವಲ್ಪ ಹೇಳದಿದ್ದರೆ ಗೊಂದಲ ಉಳಿಯುತ್ತದೆ. ಬಾಲ್ ಜಾಯಿಂಟಿಗೆ ಮುಂಚೆ ಚಕ್ರ ತಿರುಗುತ್ತಿದ್ದದ್ದು ಕಿಂಗ್‌ಪಿನ್ ಎಂಬ ಗೂಟದ ಮೇಲೆ. ಆ ಕಾಲದಲ್ಲಿ 1,000 ಮೈಲಿಗೊಮ್ಮೆ ಗ್ರೀಸ್ ಹೊಡೆಸುವುದು ವಾಡಿಕೆ. 1952ರ ಲಿಂಕನ್ ಬಾಲ್ ಜಾಯಿಂಟ್ ತಂದಿತು. ಫೋರ್ಡ್ 1954ರಲ್ಲಿ, ಷೆವರ್ಲೆಯ ಸಂಸಾರದ ಕಾರುಗಳು 1955ರಲ್ಲಿ, ಕ್ರೈಸ್ಲರ್ 1957ರಲ್ಲಿ ಹಿಂಬಾಲಿಸಿದವು. ಷೆವರ್ಲೆಯದೇ ಸ್ಪೋರ್ಟ್ಸ್ ಕಾರು ಕಾರ್ವೆಟ್ ಮಾತ್ರ 1962ರವರೆಗೆ ಕಿಂಗ್‌ಪಿನ್ ಬಿಡಲಿಲ್ಲ. ಆಮೇಲೆ 'ನಮ್ಮ ಕಾರಿಗೆ ಗ್ರೀಸೇ ಬೇಡ' ಎಂಬಂತಹ ಪೈಪೋಟಿ. 1965ರ ಫೋರ್ಡ್ ಮಸ್ಟಾಂಗಿಗೆ 36,000 ಮೈಲಿಯ ಅಂತರ ಹೇಳಿ, ಗ್ರೀಸ್ ಗನ್ ಕಚ್ಚುವ ನಿಪ್ಪಲ್ ಇರಬೇಕಾದಲ್ಲಿ ಬಿರಡೆ ಹಾಕಿ ಕಳಿಸಿದರು. ಬಿರಡೆ ಕಂಡವರು 'ಇದು ಜೀವಮಾನಕ್ಕೆ ಸೀಲ್ ಆದದ್ದು' ಎಂದುಕೊಂಡರು. ಅಲ್ಲ. ಅದನ್ನು ಬಿಚ್ಚಿ ನಿಪ್ಪಲ್ ಕೂರಿಸಿ ಗ್ರೀಸ್ ಕೊಡಲೇಬೇಕು. ಇಂದು ವರ್ಷಕ್ಕೆ ಸಾವಿರ ಮೈಲಿಯೂ ಓಡದ ಕಾರಿಗಾದರೆ ಮೈಲಿ ಎಣಿಸುವುದು ಬಿಟ್ಟು ವರ್ಷಕ್ಕೊಮ್ಮೆ ಹೊಡೆಯುವುದೇ ಸರಿ.

ಮೊದಲು ನಿಪ್ಪಲ್ ಒರೆಸಿ. ಅದರ ತುದಿಯ ಮಣ್ಣನ್ನು ಗನ್ ನೇರ ಗುಂಡಿನ ಬುಡಕ್ಕೇ ತಳ್ಳುತ್ತದೆ. ಎಷ್ಟೋ ಮಂದಿ ಮರೆಯುವುದು ಮುಂದಿನ ಕೆಲಸ: ಕೀಲಿನ ಮೇಲಿನ ಭಾರ ತೆಗೆಯುವುದು. ಭಾರ ಹೊತ್ತ ಗುಂಡು ಒಂದು ಬದಿಗೆ ಒತ್ತಿಕೊಂಡಿರುತ್ತದೆ. ಗ್ರೀಸ್ ಬೇಕಿರುವುದು ಆ ಬದಿಗೇ, ಹೋಗುವುದು ಸಡಿಲವಿರುವ ಇನ್ನೊಂದು ಬದಿಗೆ. 1967ರ ಷೆವರ್ಲೆ ಕಮಾರೊದಂತಹ ಕಾರಿನಲ್ಲಿ ಸ್ಪ್ರಿಂಗ್ ಕೆಳಗಿನ ಆರ್ಮಿನ (ಚಕ್ರವನ್ನು ಫ್ರೇಮಿಗೆ ಜೋಡಿಸುವ ತೋಳಿನ) ಮೇಲೆ ಕೂತಿರುವುದರಿಂದ ಭಾರ ಹೊರುವುದು ಕೆಳಗಿನ ಜಾಯಿಂಟ್. ಹಾಗಾಗಿ ಕೆಳಗಿನ ಆರ್ಮಿಗೇ, ಜಾಯಿಂಟಿನ ಹತ್ತಿರ, ಜ್ಯಾಕ್ ಕೊಡಬೇಕು. ಮಸ್ಟಾಂಗಿನಲ್ಲಿ ಇದು ತಿರುವುಮುರುವು. ಸ್ಪ್ರಿಂಗ್ ಮೇಲಿನ ಆರ್ಮಿನ ಮೇಲಿದೆ. ಕಾರು ನೆಲದ ಮೇಲಿದ್ದಾಗಲೇ ಮೇಲಿನ ಆರ್ಮಿಗೂ ಅದರಡಿಯ ಫ್ರೇಮಿಗೂ ನಡುವೆ ಮರದ ತುಂಡು ಇಟ್ಟು, ಆಮೇಲೆ ಫ್ರೇಮಿಗೆ ಜ್ಯಾಕ್ ಕೊಟ್ಟು ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಬೇಕು.

ಗನ್ನಿನ ಒಂದು ಒತ್ತಿಗೆ ಸುಮಾರು 1 ಗ್ರಾಂ ಗ್ರೀಸ್ ಬರುತ್ತದೆ, ಗನ್ನಿಂದ ಗನ್ನಿಗೆ ಹೆಚ್ಚುಕಡಿಮೆ. ನಿಧಾನವಾಗಿ ಒಂದು ಒತ್ತು, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಮತ್ತೊಂದು ಒತ್ತು. ಬೂಟಿನ ಮೇಲೆ ಬೆರಳಿಟ್ಟುಕೊಂಡಿರಿ. ಮೆಲ್ಲಗೆ ಉಬ್ಬತೊಡಗಿದರೆ ನಿಲ್ಲಿಸಿ. ಹಳೆ ಗ್ರೀಸ್ ಹೊರಬರಲು ದಾರಿಯಿರುವ ಬೂಟಾದರೆ ಕಪ್ಪು ಗ್ರೀಸ್ ಹೋಗಿ ಹೊಸದು ಇಣುಕುವವರೆಗೆ ಕೊಡಬಹುದು. ಗ್ರೀಸ್ ಒಳಗೆ ಹೋಗದೆ ನಿಪ್ಪಲ್ಲಿನ ಸುತ್ತಲೇ ಬಂದರೆ ಬಲಪ್ರಯೋಗ ಬೇಡ. ನಿಪ್ಪಲ್ ಬಿಚ್ಚಿ ಹೊಸದು ಹಾಕಿ. ಕಾಲಿಂಚು ದಪ್ಪ, ಇಂಚಿಗೆ 28 ಮರೆಯ (ತಿರುಪಿನ ಸುತ್ತಿನ) ನಿಪ್ಪಲ್ ಬಹುತೇಕ ಇವಕ್ಕೆ ಕೂರುತ್ತದೆ, ಬೆಲೆಯೂ ಜುಜುಬಿ.

ಇಷ್ಟಾದರೂ ಮಸ್ಟಾಂಗ್ ಕಿರ್‌ಗುಟ್ಟಿದರೆ ಬಾಲ್ ಜಾಯಿಂಟನ್ನು ಬೈಯಬೇಡಿ. ಅನೇಕ ಸಲ ಸದ್ದು ಬರುವುದು ಮೇಲಿನ ಆರ್ಮಿನ ಒಳತುದಿ ತಿರುಗುವ, ತಿರುಪಿನ ಮರೆಯುಳ್ಳ ಉಕ್ಕಿನ ಬುಷ್‌ಗಳಿಂದ. ಅವುಗಳ ಬಿರಡೆಗಳ ಮುಂದೆ ಶಾಕ್ ಟವರ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಕೂರುವ ತಗಡಿನ ಗೂಡು) ಅಡ್ಡ ನಿಂತು ಗನ್ ತೂರಲು ಬಿಡುವುದಿಲ್ಲ. ಬಗ್ಗಿದ ನಿಪ್ಪಲ್ ಬೇಕು. ಸದ್ದಡಗಿಸಲು ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಇರುವ ಗ್ರೀಸೂ ತೊಳೆದು ಹೋಗುತ್ತದೆ.

ಸವೆದ ಜಾಯಿಂಟಿಗೆ ಗ್ರೀಸ್ ಔಷಧವಲ್ಲ. 1970ರ ದಶಕದ ಅನೇಕ ಜನರಲ್ ಮೋಟರ್ಸ್ ಕಾರುಗಳ ಕೆಳಗಿನ ಜಾಯಿಂಟಿನಲ್ಲಿ ನಿಪ್ಪಲ್ ಕೂತ ಗುಬುಟು ಮುಚ್ಚಳದಿಂದ 0.050 ಇಂಚು ಹೊರಗೆ ಚಾಚಿರುತ್ತದೆ. ಕಾರಿನ ಭಾರ ಚಕ್ರದ ಮೇಲಿರುವಾಗಲೇ ಅದನ್ನು ಉಗುರಿನಿಂದ ಸವರಿ ನೋಡಿ. ಮುಚ್ಚಳದ ಮಟ್ಟಕ್ಕೆ ಇಳಿದಿದ್ದರೆ ಗನ್ ಕೆಳಗಿಟ್ಟು ಹೊಸ ಜಾಯಿಂಟ್ ತರಿಸಿ.