ಆತ್ಮವಿಮರ್ಶೆ ಅಂದರೆ ತನ್ನನ್ನು ತಾನು ಬೈದುಕೊಳ್ಳುವುದಲ್ಲ

ಹತ್ತನೇ ತರಗತಿಯ ಹುಡುಗಿಯೊಬ್ಬಳ ಗಣಿತದ ನೋಟ್‌ಬುಕ್ ನೋಡುತ್ತಿದ್ದೆ. ತಪ್ಪಾದ ಲೆಕ್ಕದ ಪಕ್ಕ, ಮಾರ್ಜಿನ್‌ನಲ್ಲಿ, 'ನಾನು ದಡ್ಡಿ' ಎಂದು ಬರೆದಿದ್ದಳು. ಪೆನ್ನು ಎಷ್ಟು ಒತ್ತಿದ್ದಳೆಂದರೆ ಹಾಳೆಯ ಹಿಂಬದಿಗೂ ಅಚ್ಚು ಮೂಡಿತ್ತು. "ಆತ್ಮವಿಮರ್ಶೆ ಮಾಡ್ಕೋತಾಳೆ, ಒಳ್ಳೇದೇ" ಎಂದರು ಮನೆಯ ಹಿರಿಯರು. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅವಳು ಬರೆದದ್ದು ಆತ್ಮನಿಂದನೆ.

ವಿಮರ್ಶೆಯ ಬೇರು ಸಂಸ್ಕೃತದ 'ಮೃಶ್'. ಮುಟ್ಟು, ಸವರು ಎಂದರ್ಥ. 'ಪರಾಮರ್ಶೆ' ಹುಟ್ಟಿದ್ದೂ ಅದರಿಂದಲೇ. ಕತ್ತಲಲ್ಲಿ ಕೈಗೆ ಸಿಕ್ಕ ಪಾತ್ರೆಯನ್ನು ತಡವಿ, ಇದು ಅಂಚು, ಇದು ಹಿಡಿ, ಇಲ್ಲಿ ತಗ್ಗಾಗಿದೆ ಎಂದು ತಿಳಿದುಕೊಳ್ಳುತ್ತೇವಲ್ಲ, ಆ ಕೆಲಸ. ನಿಂದನೆಯ 'ನಿಂದ್' ಧಾತುವಿಗೆ ಹಳಿಯುವುದಷ್ಟೇ ಗೊತ್ತು, ತಡವಿ ನೋಡುವ ತಾಳ್ಮೆ ಇಲ್ಲ. ವಿಮರ್ಶೆ ಎಂದರೆ ತಪ್ಪು ಹುಡುಕುವುದು ಎಂದು ಬಳಸಿ ಬಳಸಿ ನಾವು ಪದವನ್ನು ಸವೆಸಿದ್ದೇವೆ. ಅದರ ಹಿಂದೆ 'ಆತ್ಮ' ಸೇರಿದ ಕೂಡಲೇ ಬೈಗುಳಕ್ಕೂ ಗೌರವದ ಹೆಸರು ಸಿಕ್ಕಿಬಿಡುತ್ತದೆ.

ವಾಕ್ಯ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 'ನಾನು ದಡ್ಡಿ'. ಕ್ರಿಯಾಪದವೇ ಇಲ್ಲ. ಹಾಗಾಗಿ ಕಾಲವೂ ಇಲ್ಲ. ನಿನ್ನೆ, ಇವತ್ತು, ನಾಳೆ ಎಲ್ಲಕ್ಕೂ ಅಂಟಿಕೊಳ್ಳುತ್ತದೆ. 'ಮೂರನೇ ಸಾಲಿನಲ್ಲಿ ಮೈನಸ್ ಬಿಟ್ಟೆ'. ಇದರಲ್ಲಿ ಜಾಗ ಇದೆ, ಮಾಡಿದ ಕೆಲಸ ಇದೆ, ಮುಗಿದುಹೋದ ಕಾಲ ಇದೆ. ಇದು ವಿಮರ್ಶೆ. 'ನನ್ನ ಕಂಡ್ರೆ ಯಾರಿಗೂ ಆಗಲ್ಲ' ಎಂಬುದು ನಿಂದನೆ. 'ಅವಳು ಮಾತಾಡುವಾಗ ನಡುವೆ ಬಾಯಿ ಹಾಕಿದೆ' ಎಂಬುದು ವಿಮರ್ಶೆ.

ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ, ಖಿನ್ನತೆ ಇರುವವರ ಮನಸ್ಸಿನಲ್ಲಿ ಇಂಥ ಮಾತು ತಾನಾಗಿಯೇ ಸುಳಿದು ಹೋಗುವುದನ್ನು ಗುರುತಿಸಿದರು. ಬರುವ ವೇಗಕ್ಕೆ, ಇದು ನಿಜವೇ ಎಂದು ಕೇಳಿಕೊಳ್ಳುವುದೇ ಮರೆತುಹೋಗುತ್ತದೆ. ಅದಕ್ಕೇ ಅವರ ಚಿಕಿತ್ಸಾ ಕ್ರಮದಲ್ಲಿ ಆ ಮಾತನ್ನು ಬರೆದಿಟ್ಟು ಪರೀಕ್ಷಿಸುವ ಅಭ್ಯಾಸ ಬಂತು. ವಾರಗಟ್ಟಲೆ ಇದೇ ಮಾತು, ಜೊತೆಗೆ ಊಟ ನಿದ್ದೆಯೂ ಕೆಟ್ಟರೆ ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಲೇಬೇಕು.

ಹಾಗಂತ 'ಛೆ, ನೀನು ಜಾಣೆ' ಎಂದು ಸುಮ್ನೆ ಹೇಳಿದರೆ ಜಾಸ್ತಿ ಪ್ರಯೋಜನ ಇಲ್ಲ. ಅದರಲ್ಲೂ ಕ್ರಿಯಾಪದ ಇಲ್ಲ, ಅಲ್ವಾ? ನಾನು ಅವಳ ಪಕ್ಕ ಕೂತು, "ಎಲ್ಲಿ ತಪ್ಪಿತು, ತೋರಿಸಮ್ಮ" ಎಂದೆ. ಅವಳ ಬೆರಳು ಒಂದೊಂದೇ ಸಾಲು ಸವರುತ್ತಾ ಇಳಿದು ಮೂರನೆಯದರ ಮೇಲೆ ನಿಂತಿತು.

"ಇಲ್ಲಿ ಮೈನಸ್ ಬಿಟ್ಟಿದೀನಿ."