ಕ್ಯಾಸೆಟ್ಟಿನಲ್ಲಿ ಇಲ್ಲದ ಪಿಯಾನೋ

ಧಾರವಾಡದಲ್ಲಿ ಹಳೇ ಟೇಪುಗಳನ್ನು ಡಿಜಿಟಲ್ ಮಾಡಿಕೊಡುವುದು ನನ್ನ ಕೆಲಸ. ಸಂಗೀತದ ಬೈಠಕ್ಕಿನ ಕ್ಯಾಸೆಟ್, ನಾಟಕದ ಹಾಡಿನ ಟೇಪ್ ಸ್ಪೂಲ್, ಯಾರದೋ ಅಜ್ಜಿಯ ಸೋಬಾನೆ ಪದ, ಎಲ್ಲವೂ ಬರುತ್ತವೆ. ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ‘ಟೈಟಾನಿಕ್’ ಚಿತ್ರದ ಹಿನ್ನೆಲೆ ಸಂಗೀತದ ನಾಲ್ಕು ಸಿಡಿಗಳ ಸೆಟ್ಟನ್ನು ಕೇಳಿಸುತ್ತೇನೆ. ಚಿತ್ರಕ್ಕೆ 20 ವರ್ಷ ತುಂಬಿದಾಗ, 2017ರಲ್ಲಿ, ಅಮೆರಿಕದ ಲಾ-ಲಾ ಲ್ಯಾಂಡ್ ರೆಕಾರ್ಡ್ಸ್ ಕಂಪನಿ ಇದನ್ನು ತಂದಿತು. ಮಾಡಿದ್ದು 5,000 ಸೆಟ್ ಮಾತ್ರ. ಸಂಗೀತ ಕೊಟ್ಟ ಜೇಮ್ಸ್ ಹಾರ್ನರ್ ಅಷ್ಟರಲ್ಲಿ ತೀರಿಕೊಂಡಿದ್ದರು. 2015ರಲ್ಲಿ ಅವರ ವಿಮಾನ ಅಪಘಾತಕ್ಕೀಡಾಯಿತು.

ಹುಬ್ಬಳ್ಳಿಯಿಂದ ಬರುವ ಒಬ್ಬ ಹುಡುಗ ಮೊನ್ನೆ ಕೇಳಿದ: “ಸರ್, ಅದ ಟ್ಯೂನ್ ಮತ್ತ ಮತ್ತ ಬರ್ತದಲ್ರೀ. ಮೊದಲಿನ ಆಲ್ಬಮ್ ಇದ್ದರ ಸಾಕಾಗ್ತಿರಲಿಲ್ಲೇನ್ರೀ?”

ಒಳ್ಳೆ ಪ್ರಶ್ನೆ. ಆದರೆ ಅದೇ ಟ್ಯೂನ್ ಮತ್ತೆ ಮತ್ತೆ ಹೇಗೆ ಬರುತ್ತದೆ ಅಂತ ಕೇಳುವುದಕ್ಕೇ ಇಂಥ ಸೆಟ್ ಬೇಕು.

ಚಿತ್ರದಲ್ಲಿ ಏನಾಗುತ್ತದೆ ನೋಡಿ. ಹಡಗಿನ ತುದಿಯಲ್ಲಿ ಸಂಜೆ ಬೆಳಕಿಗೆ ಪ್ರೇಮಿಗಳಾದ ಜ್ಯಾಕ್, ರೋಸ್ ಇಬ್ಬರೂ ಕೈ ಚಾಚಿ ನಿಲ್ಲುತ್ತಾರೆ. ಆಗ ಪ್ರೇಮದ ರಾಗ ನಾರ್ವೆಯ ಗಾಯಕಿ ಸಿಸೆಲ್ ಅವರ ಧ್ವನಿಯಲ್ಲಿ, ಮಾತಿಲ್ಲದ ಆಲಾಪವಾಗಿ ಬರುತ್ತದೆ. ಆಮೇಲೆ ಅವನು ಅವಳ ಚಿತ್ರ ಬರೆಯುವ ದೃಶ್ಯ. ಅಲ್ಲಿ ದೊಡ್ಡ ಆರ್ಕೆಸ್ಟ್ರಾ ಇಲ್ಲ, ಧ್ವನಿ ಇಲ್ಲ. ಒಂದೇ ಒಂದು ಪಿಯಾನೋ. ನುಡಿಸಿದ್ದು ಸ್ವತಃ ಹಾರ್ನರ್. ರಾಗ ಅದೇ, ಆದರೆ ಈಗ ಯಾರೋ ಪಕ್ಕದಲ್ಲೇ ಕೂತು ನುಡಿಸಿದಷ್ಟು ಹತ್ತಿರ. ಕೊನೆಗೆ ಹೆಸರುಗಳು ಓಡುವಾಗ ಅದೇ ರಾಗ ಸೆಲೀನ್ ಡಿಯಾನ್ ಅವರ ಹಾಡಾಗುತ್ತದೆ.

1997ರ ಆಲ್ಬಮ್ ನಮ್ಮಲ್ಲಿ ಕ್ಯಾಸೆಟ್ ಆಗಿಯೂ ಮನೆಮನೆಗೆ ಬಂತು. ಅದರಲ್ಲಿ ಆಲಾಪ ಇತ್ತು, ಹಾಡೂ ಇತ್ತು. ಆ ಪಿಯಾನೋ ಇರಲಿಲ್ಲ. ಅದು ಸಿಕ್ಕಿದ್ದು 1998ರ ಎರಡನೇ ಆಲ್ಬಮ್ಮಿನಲ್ಲಿ. ಹಾಗಾಗಿ ಕ್ಯಾಸೆಟ್ ಮಾತ್ರ ಕೇಳಿದವರಿಗೆ ಪ್ರೇಮ ಒಂದು ದೊಡ್ಡ ಅಲೆಯಿಂದ ಇನ್ನೊಂದು ದೊಡ್ಡ ಅಲೆಗೆ ಹಾರಿದಂತೆ ಕೇಳಿಸಿತು. ನಡುವಿನ ಆ ಸಣ್ಣ, ನಾಚಿಕೆಯ ಹೆಜ್ಜೆ ತಪ್ಪಿಹೋಯಿತು. ನನ್ನ ಮಟ್ಟಿಗೆ ಇಡೀ ಚಿತ್ರದ ಜೀವ ಇರುವುದೇ ಆ ಹೆಜ್ಜೆಯಲ್ಲಿ. ನಾಲ್ಕು ಸಿಡಿಗಳ ಈ ವಿಸ್ತರಿಸಿದ ಸೆಟ್ಟಿನಲ್ಲಿ ಎಲ್ಲ ಒಂದೇ ಕಡೆ ಸಿಗುತ್ತದೆ. ಹಿನ್ನೆಲೆ ಸಂಗೀತ, ಅದರ ಬದಲಿ ರೂಪಗಳು, ಹಡಗಿನ ವಾದ್ಯದವರು ನುಡಿಸುವ ಸಂಗೀತ ಎಲ್ಲ ಇದೆ.

ಧಾರವಾಡದ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ರೆಕಾರ್ಡುಗಳು ಒಂದು ಬದಿಗೆ ಸುಮಾರು ಮೂರು ನಿಮಿಷ. ಅದೇ ಗಂಗೂಬಾಯಿ ಬೈಠಕ್ಕಿನಲ್ಲಿ ಕೂತರೆ ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಒಂದೊಂದೇ ಸ್ವರಕ್ಕೆ ಜಾಗ ಮಾಡಿಕೊಡುತ್ತಾ ಹೋಗುತ್ತಿದ್ದರು. ರಾಗ ಎರಡು ಕಡೆಯೂ ಒಂದೇ. ಬೆಳೆಯುವುದನ್ನು ಕೇಳಬೇಕಾದರೆ ಮಾತ್ರ ಹೊತ್ತು ಬೇಕು.

ಹಾಗಂತ ಚಿಕ್ಕದು ಕಳಪೆ ಅಂತ ನಾನು ಹೇಳುತ್ತಿಲ್ಲ. ಗದಗ ಸೀಮೆಯ ರೋಣದ ಒಬ್ಬ ಹುಡುಗ ಗಾಯಕ ಅಬ್ದುಲ್ ಕರೀಮ್ ಖಾನರ ರೆಕಾರ್ಡ್ ಕೇಳಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಅವನೇ ಭೀಮಸೇನ ಜೋಶಿ. ಕೆಲವೇ ನಿಮಿಷದ ತಟ್ಟೆಗೆ ಅಷ್ಟು ಶಕ್ತಿ ಇತ್ತು. ಮೊದಲ ಆಲ್ಬಮ್ಮನ್ನೂ ಅದೇ ಗೌರವದಿಂದ ಇಟ್ಟುಕೊಳ್ಳಿ. ಎಷ್ಟೋ ಸಲ ಸಂಗೀತಗಾರರೇ ಕೂತು, ಯಾವುದು ಇರಲಿ, ಯಾವುದರ ಪಕ್ಕ ಯಾವುದು ಬರಲಿ ಅಂತ ಮನಸ್ಸಿಟ್ಟು ಜೋಡಿಸಿರುತ್ತಾರೆ.

ಮೊದಲಿನ ಆಲ್ಬಮ್‌ಗಳು ಚಿಕ್ಕದಾಗಿದ್ದಕ್ಕೆ ಬೇರೆ ಕಾರಣಗಳೂ ಇವೆ. ಎಲ್‌ಪಿ ರೆಕಾರ್ಡಿನ ಒಂದು ಬದಿಗೆ 20ರಿಂದ 25 ನಿಮಿಷ ಹಿಡಿದರೆ ಹೆಚ್ಚು. ಸಿಡಿ ಬಂದ ಮೇಲೆ 74 ನಿಮಿಷ ಸಿಕ್ಕರೂ ಅಮೆರಿಕದ ಎಷ್ಟೋ ಆಲ್ಬಮ್‌ಗಳು ಅರ್ಧ ಗಂಟೆಗೇ ಮುಗಿಯುತ್ತಿದ್ದವು. ಅಲ್ಲಿ ಚಿತ್ರಕ್ಕಾಗಿ ನುಡಿಸಿದ್ದನ್ನು ಆಲ್ಬಮ್ಮಿಗೆ ಬಳಸಿದರೆ ವಾದ್ಯದವರಿಗೆ ಸಂಘದ ದರದಂತೆ ಮತ್ತೆ ಹಣ ಕೊಡಬೇಕು. ನಿಮಿಷ ಜಾಸ್ತಿಯಾದರೆ ಖರ್ಚೂ ಜಾಸ್ತಿ. ವಾದ್ಯದವರ ಹಕ್ಕು ಅದು, ನ್ಯಾಯವೇ. ಆದರೆ ಎಷ್ಟೋ ಒಳ್ಳೆಯ ಸಂಗೀತ ಹಾಗೇ ಪೆಟ್ಟಿಗೆಯಲ್ಲಿ ಉಳಿಯಿತು.

ಇನ್ನು ಕೆಲವು ಚಿತ್ರಗಳಲ್ಲಿ ಹಿಗ್ಗಿಸಲು ಏನೂ ಇರುವುದಿಲ್ಲ. 1985ರ ‘ಔಟ್ ಆಫ್ ಆಫ್ರಿಕಾ’ ಎರಡೂವರೆ ಗಂಟೆಗಿಂತ ಉದ್ದದ ಚಿತ್ರ. ಜಾನ್ ಬ್ಯಾರಿ ಅದಕ್ಕೆ ಬರೆದ ಸಂಗೀತ ಅರ್ಧ ಗಂಟೆಯ ಮೇಲೆ ಸ್ವಲ್ಪ, ಅಷ್ಟೇ. ಆ ಸಂಗೀತಕ್ಕೇ ಆಸ್ಕರ್ ಬಂತು. ಹಿನ್ನೆಲೆ ಸಂಗೀತದಲ್ಲಿ ಸುಮ್ನೆ ಇರುವುದೂ ಒಂದು ವಿದ್ಯೆ.

ಈಗ ನನ್ನ ಕೆಲಸದ ಕಡೆ ಬರುತ್ತೇನೆ. ಇಂಥ ಸೆಟ್ ತಯಾರಿಸುವವರ ಮುಂದೆ ಮೊದಲು ಬರುವುದು ಟೇಪಿನ ಡಬ್ಬಗಳು. ಮೇಲೆ ‘3ಎಂ2’ ಅಂತ ಬರೆದಿದ್ದರೆ ಚಿತ್ರದ ಮೂರನೇ ರೀಲಿನ ಎರಡನೇ ಬಿಟ್, ಅಂದರೆ ಸಂಗೀತದ ಎರಡನೇ ತುಣುಕು ಅಂತ ಅರ್ಥ. ಒಂದೊಂದು ಬಿಟ್ಟಿಗೂ ಹಲವು ಟೇಕ್. ಚಿತ್ರದಲ್ಲಿ ಬಳಸಿದ್ದು ಐದನೆಯದು, ಹಳೇ ಆಲ್ಬಮ್ಮಿನಲ್ಲಿ ಇದ್ದದ್ದು ಮೂರನೆಯದು, ಹೀಗೂ ಆಗಿರುತ್ತದೆ. ಕೆಲವೊಮ್ಮೆ ಎರಡು ಟೇಕ್ ಕತ್ತರಿಸಿ ಅಂಟಿಸಿರುತ್ತಾರೆ. ಯಾವುದು ಯಾವುದು ಅಂತ ಚಿತ್ರವನ್ನು ಮುಂದಿಟ್ಟುಕೊಂಡು, ಒಂದೊಂದು ಸೆಕೆಂಡ್ ಹೊಂದಿಸಿ ನೋಡಬೇಕು. ಚಿತ್ರಕ್ಕೆ ಸಾಮಾನ್ಯವಾಗಿ ಎಡ, ನಡು, ಬಲ ಅಂತ ಮೂರು ಚಾನೆಲ್‌ಗಳಲ್ಲಿ ಮಿಕ್ಸ್ ಮಾಡಿರುತ್ತಾರೆ. ಅದನ್ನು ಎರಡು ಸ್ಪೀಕರಿಗೆ ಇಳಿಸುವಾಗ ನಡುವಿನದು ಸ್ವಲ್ಪ ಜಾಸ್ತಿಯಾದರೂ ಪಿಟೀಲುಗಳೆಲ್ಲ ನಡುವೆಯೇ ಗುಂಪುಗೂಡುತ್ತವೆ.

ಆಮೇಲೆ ಟೇಪಿನ ‘ಸ್ಸ್’ ಸದ್ದು. ಈಗಿನ ಸಾಫ್ಟ್‌ವೇರಿನಲ್ಲಿ ಅದನ್ನು ಪೂರ್ತಿ ಅಳಿಸುವುದು ಬಹಳ ಸುಲಭ. ದಯವಿಟ್ಟು ಅಳಿಸಬೇಡಿ ಅಂತ ನಾನು ಹುಡುಗರಿಗೆ ಹೇಳುತ್ತಲೇ ಇರುತ್ತೇನೆ. ಬಿಟ್ ಮುಗಿದ ಮೇಲೆ ನಾದ ಆ ದೊಡ್ಡ ಹಾಲಿನಲ್ಲಿ ಎರಡು ಮೂರು ಸೆಕೆಂಡ್ ಉಳಿಯುತ್ತದೆ. ಚಿತ್ರದಲ್ಲಿ ಅಷ್ಟರಲ್ಲಿ ಮಾತು ಶುರುವಾಗಿರುತ್ತದೆ, ನಮಗೆ ಕೇಳುವುದಿಲ್ಲ. ಸಿಡಿಯಲ್ಲಿ ಕೇಳುತ್ತದೆ. ಯಾರೋ ಕಮಾನು ಎತ್ತಿದ್ದು, ಕುರ್ಚಿ ಕಿರುಗುಟ್ಟಿದ್ದು, ಹಾಳೆ ಮಗುಚಿದ್ದು. ‘ಸ್ಸ್’ ಸದ್ದನ್ನು ಅತಿಯಾಗಿ ತೆಗೆದರೆ ಅದರ ಜೊತೆ ಇವೂ ಹೋಗುತ್ತವೆ, ನಾದ ನಡುವೆ ಕತ್ತರಿಸಿದಂತೆ ಸತ್ತುಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಬಿಟ್ಟಿನ ಕೊನೆಯನ್ನೇ ಕೇಳಿ. ಒಳ್ಳೆ ಕೈ ಯಾರದು, ಅವಸರದ ಕೈ ಯಾರದು ಅಂತ ಅಲ್ಲೇ ತಿಳಿಯುತ್ತದೆ.

ಇದೆಲ್ಲ ಸಾಧ್ಯವಾಗಿದ್ದು ಯಾರೋ ಡಬ್ಬಗಳನ್ನು ಕಾಪಾಡಿದ್ದಕ್ಕೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ನಮ್ಮ ಕನ್ನಡ ಚಿತ್ರಗಳ ಹಾಡು ಬಂತು, ಹಿನ್ನೆಲೆ ಸಂಗೀತ ಬರಲಿಲ್ಲ. ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್ ಇವರೆಲ್ಲ ದೃಶ್ಯಗಳ ಹಿಂದೆ ಎಷ್ಟು ಚೆಂದದ ಪಿಟೀಲು, ಕೊಳಲು ಇಟ್ಟಿದ್ದಾರೆ! ಅದನ್ನು ಕೇಳಬೇಕಾದರೆ ಇವತ್ತಿಗೂ ಮಾತಿನ ಸಂದಿಯಲ್ಲೇ ಕೇಳಬೇಕು. ಮೂಲ ಟೇಪ್ ಇಲ್ಲದಿದ್ದರೆ ಎಂಥ ಎಂಜಿನಿಯರ್ ಬಂದರೂ ಮಾತನ್ನು ಪೂರ್ತಿ ಬೇರೆ ಮಾಡಿ ಸಂಗೀತವನ್ನು ಮೊದಲಿನ ಹಾಗೆ ಎತ್ತಿ ಕೊಡಲಾರ.

ಆದ್ದರಿಂದ ಒಂದು ವಿನಂತಿ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಹಳೇ ಮನೆಗಳಲ್ಲಿ, ಥಿಯೇಟರಿನ ಅಟ್ಟದಲ್ಲಿ, ವಾದ್ಯ ನುಡಿಸುತ್ತಿದ್ದವರ ಟ್ರಂಕಿನಲ್ಲಿ ಇನ್ನೂ ಸ್ಪೂಲುಗಳಿವೆ. ಸಿಕ್ಕ ತಕ್ಷಣ ಹಳೇ ಮಷಿನಿಗೆ ಹಾಕಿ ನೋಡಬೇಡಿ. ಮೊದಲು ಮೂಸಿ ನೋಡಿ. ವಿನೆಗರ್ ಥರ ಹುಳಿ ವಾಸನೆ ಬಂದರೆ ಅದು ಅಸಿಟೇಟ್ ಅನ್ನುವ ಹಳೇ ಪ್ಲಾಸ್ಟಿಕ್ಕಿನ ಟೇಪು, ಕೊಳೆಯಲು ಶುರುವಾಗಿದೆ. ಬೇರೆ ಟೇಪುಗಳಿಂದ ದೂರ, ಗಾಳಿಯಾಡುವ ತಂಪು ಜಾಗದಲ್ಲಿ ಇಡಿ. 70, 80ರ ದಶಕದ ಕೆಲವು ಟೇಪುಗಳು ತೇವ ಹೀರಿ ಅಂಟಂಟಾಗುತ್ತವೆ. ಅವನ್ನು ತಿರುಗಿಸಿದರೆ ಕಂದು ಪುಡಿ ಮಷಿನಿಗೇ ಅಂಟಿಕೊಂಡು ಬರುತ್ತದೆ, ಸಂಗೀತ ಇರುವುದು ಆ ಪುಡಿಯಲ್ಲೇ. ಅವಕ್ಕೆ ಸುಮಾರು 50 ಡಿಗ್ರಿಯಲ್ಲಿ ಹಲವು ಗಂಟೆ ಹದವಾಗಿ ಬಿಸಿ ಕೊಡಬೇಕು. ಗೊತ್ತಿರುವವರೇ ಮಾಡಬೇಕು, ಅಡುಗೆಮನೆಯ ಒಲೆಯಲ್ಲಲ್ಲ. ಅಸಿಟೇಟ್ ಟೇಪಿಗಂತೂ ಬಿಸಿ ತಾಗಿಸಲೇಬಾರದು. ನಮ್ಮ ಮಳೆಗಾಲಕ್ಕೆ ಬಿಳಿ ಬೂಷ್ಟು ಹಿಡಿದಿದ್ದರೆ ಒರೆಸಲು ಹೋಗದೆ ಹಾಗೇ ತನ್ನಿ.

ಡಿಜಿಟಲ್ ಮಾಡಿಸುವಾಗ ಎಂಪಿ3 ಸಾಕು ಅನ್ನಬೇಡಿ. 96 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲ್ ಕೇಳಿ, ಎರಡು ಬೇರೆ ಬೇರೆ ಕಡೆ ಇಡಿ. ಡಬ್ಬದ ಮೇಲಿನ ಬರಹವನ್ನೂ ಫೋಟೋ ತೆಗೆದಿಡಿ, ಅದಿಲ್ಲದಿದ್ದರೆ ಯಾವ ಬಿಟ್ ಯಾವ ದೃಶ್ಯದ್ದು ಅಂತ ಹುಡುಕುವುದು ಬಹಳ ಕಷ್ಟ. ಕೆಲಸ ಮುಗಿದ ಮೇಲೂ ಟೇಪನ್ನು ಎಸೆಯಬೇಡಿ. ಮುಂದೆ ಇನ್ನೂ ಒಳ್ಳೆ ಮಷಿನ್ ಸಿಕ್ಕಾಗ ಮತ್ತೊಮ್ಮೆ ತೆಗೆಯಬಹುದು.