ಯಂತ್ರದ ನಿರ್ಧಾರವನ್ನು ಪ್ರಶ್ನಿಸಲು ಅಂತರರಾಷ್ಟ್ರೀಯ ಕಾನೂನು ಇದೆಯೇ?

ಪ್ರಶ್ನೆ: ಸಾಲ, ಪಿಂಚಣಿ, ಸರ್ಕಾರಿ ನೆರವಿಗೆ ಯಾರು ಅರ್ಹರೆಂದು ಕೃತಕ ಬುದ್ಧಿಮತ್ತೆ ನಿರ್ಧರಿಸಿ, ಆ ನಿರ್ಧಾರ ತಪ್ಪಾದರೆ ನಮ್ಮ ರಕ್ಷಣೆಗೆ ಬರುವ ಅಂತರರಾಷ್ಟ್ರೀಯ ಕಾನೂನು ಯಾವುದಾದರೂ ಇದೆಯೇ?

ಉತ್ತರ: ಭಾರತದಲ್ಲಿರುವವರು ನೇರವಾಗಿ ಮೊರೆಹೋಗಬಹುದಾದ ಅಂಥ ಕಾನೂನು ಇನ್ನೂ ಇಲ್ಲ. ಆದರೆ ನಿಮ್ಮ ಆತಂಕಕ್ಕೆ ಬಲವಾದ ಆಧಾರವಿದೆ.

ನೆದರ್‌ಲ್ಯಾಂಡ್ಸ್‌ನ ತೆರಿಗೆ ಇಲಾಖೆಯು ಶಿಶುಪಾಲನೆಯ ಖರ್ಚಿಗೆಂದು ಪೋಷಕರಿಗೆ ಕೊಡುತ್ತಿದ್ದ ಸಹಾಯಧನದಲ್ಲಿ ವಂಚನೆಯನ್ನು ಪತ್ತೆಹಚ್ಚಲು 2013ರಿಂದ ತಾನಾಗಿ ಕಲಿಯುವ ಅಲ್ಗಾರಿದಮ್ (ಕಂಪ್ಯೂಟರಿನ ಲೆಕ್ಕಾಚಾರದ ಕ್ರಮ) ಒಂದನ್ನು ಬಳಸಿತು. ಅದು ಅರ್ಜಿಗಳಿಗೆ ಅಪಾಯದ ಅಂಕ ಕೊಡುತ್ತಿತ್ತು. ಅರ್ಜಿದಾರರು ಡಚ್ ಪ್ರಜೆಯೇ ಅಲ್ಲವೇ ಎಂಬುದೂ ಆ ಅಂಕದ ಲೆಕ್ಕದಲ್ಲಿ ಸೇರಿತ್ತು. ಹೆಚ್ಚು ಅಂಕ ಬಂದ ಕಡತ ಪರಿಶೀಲನೆಗಾಗಿ ಸಿಬ್ಬಂದಿಯ ಕೈಸೇರುತ್ತಿತ್ತು, ಆದರೆ ಅಂಕ ಏಕೆ ಹೆಚ್ಚಾಯಿತೆಂಬ ಮಾಹಿತಿ ಅವರಿಗೂ ಸಿಗುತ್ತಿರಲಿಲ್ಲ. ಎಲ್ಲ ತಪ್ಪನ್ನೂ ಯಂತ್ರದ ಮೇಲೆ ಹೊರಿಸುವುದು ಸರಿಯಲ್ಲ. ಅಲ್ಲಿನ ಕಾನೂನನ್ನು ಎಷ್ಟು ಬಿಗಿಯಾಗಿ ಜಾರಿ ಮಾಡಲಾಗಿತ್ತೆಂದರೆ, ಒಂದು ಸಹಿ ಬಿಟ್ಟುಹೋದ ಮಾತ್ರಕ್ಕೆ ಇಡೀ ವರ್ಷದ ನೆರವನ್ನು ಹಿಂದಿರುಗಿಸಬೇಕಾದವರಿದ್ದರು. ಸಾವಿರಾರು ಕುಟುಂಬಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಅಂದಿನ ಪ್ರಧಾನಿ ಮಾರ್ಕ್ ರುಟ್ಟೆ ಅವರ ಸರ್ಕಾರವೇ ರಾಜೀನಾಮೆ ನೀಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರ ತೆರಿಗೆ ಇಲಾಖೆಗೆ 27.5 ಲಕ್ಷ ಯೂರೊ ದಂಡ ವಿಧಿಸಿತು. ಆ ದಂಡ ಹಾಕಿದ್ದು ದೇಶದೊಳಗಿನ ಪ್ರಾಧಿಕಾರ ಎಂಬುದನ್ನು ಗಮನಿಸಬೇಕು.

ಅಂತರರಾಷ್ಟ್ರೀಯ ಮಟ್ಟದಲ್ಲಿ, ಕೃತಕ ಬುದ್ಧಿಮತ್ತೆಯ ನೈತಿಕತೆ ಕುರಿತ ಯುನೆಸ್ಕೊ ಶಿಫಾರಸನ್ನು 2021ರ ನವೆಂಬರಿನಲ್ಲಿ 193 ಸದಸ್ಯ ರಾಷ್ಟ್ರಗಳು ಅಂಗೀಕರಿಸಿದವು. ಪಾರದರ್ಶಕತೆ, ಮಾನವ ಮೇಲ್ವಿಚಾರಣೆ ಎಲ್ಲವೂ ಅದರಲ್ಲಿವೆ, ಆದರೆ ಅದನ್ನು ಪಾಲಿಸಲೇಬೇಕೆಂಬ ಕಾನೂನಿನ ಕಟ್ಟುಪಾಡು ಯಾರಿಗೂ ಇಲ್ಲ. ಅಂಥ ಕಟ್ಟುಪಾಡುಳ್ಳ ಮೊದಲ ಒಪ್ಪಂದವನ್ನು ಕೌನ್ಸಿಲ್ ಆಫ್ ಯುರೋಪ್ (ಐರೋಪ್ಯ ಒಕ್ಕೂಟದಿಂದ ಬೇರೆಯಾದ, ಯುರೋಪಿನ ರಾಷ್ಟ್ರಗಳ ಮಾನವ ಹಕ್ಕು ಸಂಘಟನೆ) ರೂಪಿಸಿ, 2024ರ ಸೆಪ್ಟೆಂಬರ್ 5ರಂದು ಲಿಥುವೇನಿಯದ ವಿಲ್ನಿಯಸ್ ನಗರದಲ್ಲಿ ಸಹಿಗೆ ತೆರೆದಿಟ್ಟಿತು. ಅದರಲ್ಲೂ ರಾಷ್ಟ್ರೀಯ ಭದ್ರತೆಯ ಕೆಲಸಗಳಿಗೆ ವಿನಾಯಿತಿ ನೀಡಲಾಗಿದೆ; ಪ್ರಜೆ ತೀರಾ ಅಸಹಾಯಕನಾಗುವುದು ಇಂಥ ಕಡೆಯೇ ಆದ್ದರಿಂದ ಇದು ಸಣ್ಣ ಲೋಪವೆಂದು ನನಗೆ ಅನ್ನಿಸುವುದಿಲ್ಲ. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಚ್ಚಿನ ಅಪಾಯದ್ದೆಂದು ಗುರುತಿಸಿದ ಹಲವು ಬಳಕೆಗಳಲ್ಲಿ, ಬಾಧಿತ ವ್ಯಕ್ತಿಗೆ ವಿವರಣೆ ಕೇಳುವ ಹಕ್ಕನ್ನು ತನ್ನ 86ನೇ ವಿಧಿಯಲ್ಲಿ ಬರೆದಿದೆ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ಹಕ್ಕನ್ನು ನೇರವಾಗಿ ಕೊಡುವ ಸೆಕ್ಷನ್ ಇಲ್ಲ. ಆದರೆ ಹಳೆಯದೊಂದು ಕಾಯ್ದೆ ನಮ್ಮ ಕೈಯಲ್ಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಡಿ) ಪ್ರಕಾರ, ಸಾರ್ವಜನಿಕ ಪ್ರಾಧಿಕಾರವು ತನ್ನ ಆಡಳಿತಾತ್ಮಕ ನಿರ್ಧಾರಕ್ಕೆ ಕಾರಣವೇನೆಂದು ಬಾಧಿತ ವ್ಯಕ್ತಿಗೆ ತಿಳಿಸಬೇಕು. ನಿರ್ಧಾರವನ್ನು ಗುಮಾಸ್ತರು ಮಾಡಿದರೋ ಕಂಪ್ಯೂಟರ್ ಮಾಡಿತೋ ಎಂಬ ಭೇದವನ್ನು ಆ ವಾಕ್ಯ ಮಾಡುವುದಿಲ್ಲ. ಪಿಂಚಣಿ ನಿಂತುಹೋದವರು ‘ಏಕೆ ನಿಂತಿತು?’ ಎಂದಷ್ಟೇ ಬರೆದರೆ ‘ಅರ್ಹತೆ ಇಲ್ಲ’ ಎಂಬ ಎರಡು ಪದಗಳ ಉತ್ತರ ಬರಬಹುದು. ಅದಕ್ಕೆ ಬದಲಾಗಿ, ನನ್ನ ಯಾವ ದಾಖಲೆಯನ್ನು ಯಾವ ಮಾನದಂಡಕ್ಕೆ ಹೋಲಿಸಲಾಯಿತು, ಹೋಲಿಕೆ ಮಾಡಿದ್ದು ಯಾವ ತಂತ್ರಾಂಶ, ಆದೇಶಕ್ಕೆ ಸಹಿ ಹಾಕಿದ ಅಧಿಕಾರಿ ಯಾರು ಎಂದು ಬಿಡಿಬಿಡಿಯಾಗಿ ಕೇಳಿ, ಆದೇಶದ ಪ್ರತಿಯನ್ನೂ ಕೋರುವುದು ಒಳ್ಳೆಯದು. ಅರ್ಜಿಯ ಶುಲ್ಕ 10 ರೂಪಾಯಿ. 30 ದಿನಗಳೊಳಗೆ ಉತ್ತರ ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಖಾಸಗಿ ಸಾಲ ಸಂಸ್ಥೆಗಳಿಗೆ ಮಾತ್ರ ಈ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ.